ಇಲಿ ಬಿದ್ದ ಕಾಲ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಎರಡೇ ಪದಗಳ ವಾಕ್ಯವೊಂದು ಇಡಿಯ ಊರನ್ನು ಬರಿದು ಮಾಡಿಸುತ್ತಿತ್ತು: 'ಇಲಿ ಬಿದ್ದವು.' ಎಷ್ಟು ಬಿದ್ದವು, ಯಾರ ಮನೆಯಲ್ಲಿ ಬಿದ್ದವು ಎಂದು ಕೇಳುತ್ತ ನಿಲ್ಲುವ ವ್ಯವಧಾನ ಯಾರಿಗೂ ಇರುತ್ತಿರಲಿಲ್ಲ. ಜೋಳದ ಚೀಲ, ಬೀಸುವ ಕಲ್ಲು, ಹಾಸಿಗೆಯ ಸುರುಳಿ, ತೊಟ್ಟಿಲು ಇವನ್ನು ಬಂಡಿಗೇರಿಸಿ ಜನ ಹೊಲದ ದಾರಿ ಹಿಡಿಯುತ್ತಿದ್ದರು. ಮನೆಯ ಬಾಗಿಲಿಗೆ ಬೀಗ, ಗುಡಿಯ ಬಾಗಿಲಿಗೆ ಚಿಲಕ. ಆ ಬೇನೆಯ ಹೆಸರು ಸರಕಾರದ ಕಾಗದದಲ್ಲಿ ಪ್ಲೇಗು, ಜನರ ಬಾಯಲ್ಲಿ ಪಿಳೇಗು. ನಮ್ಮ ಅಜ್ಜ ಅಜ್ಜಿಯರ ಕಾಲದವರು ಮಕ್ಕಳ ವಯಸ್ಸನ್ನು ಇಸವಿಯಿಂದ ಎಣಿಸುತ್ತಿರಲಿಲ್ಲ. 'ಪಿಳೇಗಿನ ಮುಂದಿನ ವರ್ಷ ಹುಟ್ಟಿದವನು' ಎಂದು ಎಣಿಸುತ್ತಿದ್ದರು.

ಇಂದು ನಾನು ಹೇಳಹೊರಟಿರುವುದು ಆ ಬೇನೆಯ ದುಃಖದ ಕಥೆಯನ್ನು ಮಾತ್ರವಲ್ಲ. ಅದರ ಬಗೆಗೆ ನಮ್ಮ ಹಿರಿಯರು ಗಮನಿಸಿದ್ದ, ಆದರೆ ಯಾರೂ ಅವರಿಗೆ ಬಿಡಿಸಿ ಹೇಳದೆ ಹೋದ ಒಂದು ಸಂಗತಿ ಉಂಟು. ಆ ಬೇನೆಗೆ ಒಂದು ಹಂಗಾಮು ಇತ್ತು. ಮಳೆ ಹಿಡಿದು ಹವೆ ತಂಪಾದ ಮೇಲೆ ಅದು ತಲೆಯೆತ್ತುತ್ತಿತ್ತು, ಚಳಿಗಾಲದಲ್ಲಿ ಕಾಡುತ್ತಿತ್ತು, ಹೋಳಿಹುಣ್ಣಿಮೆ ಕಳೆದು ಬಿಸಿಲು ಬಲಿತಾಗ, ಯಾರೋ ಹೇಳಿ ಕಳಿಸಿದ ಹಾಗೆ ಇಳಿದುಹೋಗುತ್ತಿತ್ತು. ಉಳಿದ ಬೇನೆಗಳೆಲ್ಲ ಬೇಸಗೆಯಲ್ಲಿ ಹೆಚ್ಚಿದರೆ ಇದೊಂದು ಬೇಸಗೆಗೆ ಹೆದರುತ್ತಿತ್ತು. ಏಕೆ? ಈ ಒಂದು ಪ್ರಶ್ನೆಗೆ ಉತ್ತರ ದೊರಕಲು ನೂರು ವರ್ಷ ಹಿಡಿಯಿತು.

ಮೊದಲು ಊರುಗಳ ಮಾತು. ಈಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇವೆಲ್ಲ ಬಾಗಲಕೋಟೆ ಜಿಲ್ಲೆಯವು. ಆ ಜಿಲ್ಲೆಯಾದರೂ ಹುಟ್ಟಿದ್ದು 1997ರಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇದು ನಾಲ್ಕು ಒಡೆತನಗಳ ನೆಲವಾಗಿತ್ತು. ಜಮಖಂಡಿ ಒಂದು ಪಟವರ್ಧನ ಮನೆತನದ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ಬೀಳಗಿ ಮುಂಬಯಿ ಇಲಾಖೆಯ ಬಿಜಾಪುರ ಜಿಲ್ಲೆಗೆ ಸೇರಿ ನೇರವಾಗಿ ಆಂಗ್ಲರ ಆಡಳಿತದಲ್ಲಿತ್ತು. ಇನ್ನು ರಬಕವಿ ಮತ್ತು ಬನಹಟ್ಟಿ ಒಂದರ ಮಗ್ಗದ ಸದ್ದು ಇನ್ನೊಂದಕ್ಕೆ ಕೇಳುವಷ್ಟು ಸಮೀಪದ ಜೋಡಿ ಊರುಗಳು. ಆದರೂ ರಬಕವಿ ಸಾಂಗಲಿ ಸಂಸ್ಥಾನಕ್ಕೆ, ಬನಹಟ್ಟಿ ಜಮಖಂಡಿಗೆ ಸೇರಿದ್ದವು. ಇಂಥ ಸೀಮೆಯಲ್ಲಿ ಒಂದು ಬೇನೆ ಬಂದರೆ ಯಾವ ಕಾನೂನು ಯಾವ ಓಣಿಯ ತನಕ ನಡೆಯುತ್ತದೆಂಬುದೇ ಒಂದು ಗಣಿತ. 1897ರ ಫೆಬ್ರುವರಿಯಲ್ಲಿ ಆಂಗ್ಲ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. 2020ರಲ್ಲಿ ಕೊರೋನಾ ಬಂದಾಗ ಸರಕಾರಗಳು ಕೈಗೆತ್ತಿಕೊಂಡದ್ದೂ ಇದೇ ಹಳೆಯ ಕಾಯಿದೆಯನ್ನು. ಅದು ಬೀಳಗಿಯಲ್ಲಿ ನಡೆಯುತ್ತಿತ್ತು; ಮುಧೋಳದ ಗಡಿಕಲ್ಲಿನ ಹತ್ತಿರ ಅದರ ಅಧಿಕಾರ ಮುಗಿಯುತ್ತಿತ್ತು. ಇಲಿಗೆ ಗಡಿಕಲ್ಲು ಕಾಣುವುದಿಲ್ಲ.

ಭಾರತದಲ್ಲಿ ಈ ಬಾರಿಯ ಪ್ಲೇಗು ಮುಂಬಯಿಯ ಮಾಂಡವಿ ಭಾಗದಲ್ಲಿ 1896ರ ಸೆಪ್ಟೆಂಬರದಲ್ಲಿ ಪತ್ತೆಯಾಯಿತು. ಅದನ್ನು ಗುರುತಿಸಿ ಹೇಳಿದವರು ಡಾಕ್ಟರ್ ವಿಯೇಗಾಸ್. ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯರ್ಸಿನ್ ಆ ಬೇನೆಯ ದಂಡಾಣುವನ್ನು ಕಂಡು ಎರಡೇ ವರ್ಷಗಳಾಗಿದ್ದವು. ಈಗ ಆ ಜೀವಿಗೆ ಅವನ ಹೆಸರೇ ಇದೆ. ಮುಂಬಯಿಯಿಂದ ಪುಣೆ, ಪುಣೆಯಿಂದ ದಕ್ಷಿಣ ಮರಾಠಾ ರೈಲುಮಾರ್ಗ ಹಿಡಿದು ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಸುತ್ತಣ ಸಂಸ್ಥಾನಗಳಿಗೂ ಅದು ಹಬ್ಬಿತು. ಜಮಖಂಡಿಗೆ ಆಗ ರೈಲು ಇರಲಿಲ್ಲ. ಕುಡಚಿಯ ನಿಲ್ದಾಣದಿಂದ ಬಂಡಿಯ ದಾರಿ. ಆದರೆ ಹತ್ತಿ, ನೂಲು, ಕಾಳಿನ ಚೀಲ ಬಂಡಿಯಲ್ಲಿಯೂ ಬರುತ್ತವೆ, ಚೀಲದ ದೂಳಿನಲ್ಲಿ ಚಿಗಟವೂ ಬರುತ್ತದೆ. ನೇಕಾರರ ಊರು ನೂಲಿಲ್ಲದೆ ಬದುಕುವುದು ಹೇಗೆ?

1898ರ ಮಳೆಗಾಲದಲ್ಲಿ ಹುಬ್ಬಳ್ಳಿ ಸುಮಾರು 50 ಸಾವಿರ ಜನರ ಊರು. ಅಲ್ಲಿ ಪ್ಲೇಗು ಉರಿದ ಉರಿಯನ್ನು ವೈದ್ಯಶಾಸ್ತ್ರದ ಚರಿತ್ರೆ ಇಂದಿಗೂ ನೆನೆಯುತ್ತದೆ. ಅದಕ್ಕೆ ಕಾರಣ ಸಾವಿನ ಸಂಖ್ಯೆಯೊಂದೇ ಅಲ್ಲ. ಲ್ಯೂಮನ್ ಎಂಬ ಸೈನ್ಯದ ವೈದ್ಯ ಅಲ್ಲಿ 30 ಸಾವಿರಕ್ಕೂ ಮೀರಿದ ಜನರಿಗೆ ಕೆಲವೇ ತಿಂಗಳಲ್ಲಿ ಹಾಫ್‌ಕಿನನ ಲಸಿಕೆ ಚುಚ್ಚಿದ. ಜಗತ್ತಿನಲ್ಲಿ ಅದಕ್ಕೆ ಮುನ್ನ ಒಂದೇ ಊರಿನಲ್ಲಿ ಅಷ್ಟು ಜನರಿಗೆ ಇಂಥ ಲಸಿಕೆ ಹಾಕಿದ ನಿದರ್ಶನ ವಿರಳ. ಪುಣೆಯಲ್ಲಿ ಮನೆಮನೆ ಹೊಕ್ಕು ಶೋಧಿಸಿದ ಸೋಲ್ಜರರ ದರ್ಪದಿಂದ ಜನ ರೊಚ್ಚಿಗೆದ್ದು, 1897ರ ಜೂನಿನಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೊಲೆಯಾಗಿತ್ತು. ಹುಬ್ಬಳ್ಳಿಯ ಜನ ತೋಳು ಚಾಚಿದ್ದು ಅದಾದ ಮರುವರ್ಷ. ಇದನ್ನು ನಾನು ಸಣ್ಣ ಸಂಗತಿಯೆಂದು ತಿಳಿಯುವುದಿಲ್ಲ.

ಆ ಲಸಿಕೆ ಹೇಗೆ ಆಗುತ್ತಿತ್ತೆಂಬುದನ್ನು ತುಸು ವಿವರವಾಗಿಯೇ ಹೇಳಬೇಕು. ನಮ್ಮ ಕಥೆಯ ಗಂಟು ಇರುವುದು ಅಲ್ಲಿಯೇ. ವಾಲ್ಡೆಮಾರ್ ಹಾಫ್‌ಕಿನ್ ಒಡೆಸ್ಸಾದ ಯಹೂದಿ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿ ಕಾಲರಾ ಲಸಿಕೆಯೊಡನೆ ಭಾರತಕ್ಕೆ ಬಂದವನು. 1896ರ ಅಕ್ಟೋಬರದಲ್ಲಿ ಮುಂಬಯಿಗೆ ಬಂದು ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆಯಲ್ಲಿ ಕೆಲಸಕ್ಕೆ ಕುಳಿತ. ಮೂರು ತಿಂಗಳೊಳಗೆ, 1897ರ ಜನವರಿ 10ರಂದು, ಸಿದ್ಧವಾದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ದಂಡಾಣುವನ್ನು ಬೆಳೆಸಲು ಮಾಂಸದ ಸಾರು ಬೇಕು. ಗೋಮಾಂಸವಾದರೆ ಹಿಂದುಗಳು ಒಪ್ಪರು, ಹಂದಿಯದಾದರೆ ಮುಸಲ್ಮಾನರು ಒಪ್ಪರು. ಆದುದರಿಂದ ಆಡಿನ ಮಾಂಸವನ್ನು ಆಮ್ಲದಲ್ಲಿ ಕರಗಿಸಿ ಸಾರು ಮಾಡಿದ. ಆ ಸಾರಿನ ಮೇಲೆ ನಮ್ಮ ಅಡಿಗೆಮನೆಯ ತುಪ್ಪದ ಹನಿಗಳನ್ನು ತೇಲಬಿಟ್ಟ. ಪ್ಲೇಗಿನ ದಂಡಾಣು ಆ ತುಪ್ಪದ ಹನಿಯನ್ನು ಹಿಡಿದುಕೊಂಡು ಕೆಳಮುಖವಾಗಿ, ಗವಿಯ ಛಾವಣಿಯಿಂದ ಇಳಿಯುವ ಸುಣ್ಣದ ಜಡೆಗಳ ಹಾಗೆ, ಬೆಳೆಯುತ್ತಿತ್ತು. ಜಾಡಿಯನ್ನು ಅಲುಗಿಸದೆ ಇಡಬೇಕು. ಜಡೆ ಬೆಳೆದ ಮೇಲೆ ಅಲುಗಿಸಿ ತಳಕ್ಕೆ ಕೆಡವಿದರೆ ಮತ್ತೊಂದು ಬೆಳೆ ಮೇಲೆ ಹುಟ್ಟುತ್ತದೆ. ಹೀಗೆ ಐದಾರು ವಾರ. ಆಮೇಲೆ ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿ ಸೀಸೆಗೆ ತುಂಬುವುದು.

ಐದಾರು ವಾರ ಏಕೆ? ಹಾಫ್‌ಕಿನನ ಎಣಿಕೆ ಇದು: ದಂಡಾಣುವಿನ ಮೈಯೊಳಗೆ ಒಂದು ನಂಜು ಉಂಟು, ಅದು ಬೆಳೆಯುತ್ತ ಸಾರಿಗೆ ಬಿಡುವ ನಂಜು ಬೇರೆ ಉಂಟು, ಎರಡೂ ಲಸಿಕೆಯಲ್ಲಿದ್ದರೆ ಮಾತ್ರ ಮೈ ಎರಡಕ್ಕೂ ಸಿದ್ಧವಾಗುತ್ತದೆ. ಬಹುಕಾಲ ಬೆಳೆಸಿದಷ್ಟೂ ನಂಜು ಸಾರಿನಲ್ಲಿ ಒಟ್ಟುತ್ತದೆ. ಎಂದರೆ, ಹೇಗೆ ಬೆಳೆಸುತ್ತೇವೆ ಎಂಬುದರ ಮೇಲೆ ದಂಡಾಣುವಿನ ನಂಜು ನಿಂತಿದೆ ಎಂಬ ಅರಿವು ಅವನಿಗಿತ್ತು. ಅವನು ಕಾಲವನ್ನು ಎಣಿಸಿದ, ತುಪ್ಪವನ್ನು ಎಣಿಸಿದ. ಶಾಖವನ್ನು ಅಷ್ಟಾಗಿ ಎಣಿಸಲಿಲ್ಲ. ಅವನ ಜಾಡಿಗಳು ಬೆಳೆದದ್ದು ಮನುಷ್ಯನ ಮೈಶಾಖವಾದ 37 ಡಿಗ್ರಿಯಲ್ಲಿ ಅಲ್ಲ, ಅದಕ್ಕಿಂತ ತಣ್ಣಗಿನ ಕೋಣೆಯ ಹವೆಯಲ್ಲಿ. ದಂಡಾಣು ಬೆಳೆಯುವುದೂ ಅಲ್ಲಿಯೇ ಚೆನ್ನಾಗಿ, ಸುಮಾರು 28 ಡಿಗ್ರಿಯಲ್ಲಿ. ಒಕ್ಕಲಿಗನಾದವನು ಬೆಳೆ ಚೆನ್ನಾಗಿ ಬರುವ ಹದವನ್ನೇ ಹುಡುಕುತ್ತಾನೆ, ಅದರಲ್ಲಿ ತಪ್ಪೇನೂ ಇಲ್ಲ.

ಆದರೆ 1932ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಷ್ಯೂಟ್ಜ್ ಒಂದು ವಿಚಿತ್ರವನ್ನು ತೋರಿಸಿದ. ತಣ್ಣಗೆ ಬೆಳೆದ ಪ್ಲೇಗಿನ ದಂಡಾಣುವಿಗೆ ಮೈಮೇಲೆ ಹೊದಿಕೆಯಿಲ್ಲ. 37 ಡಿಗ್ರಿಯಲ್ಲಿ ಬೆಳೆದುದಕ್ಕೆ ಲೋಳೆಯಂಥ ಒಂದು ಹೊದಿಕೆ ಹುಟ್ಟುತ್ತದೆ. ಆ ಹೊದಿಕೆಯಿರುವ ದಂಡಾಣುವಿನಿಂದ ಮಾಡಿದ ಲಸಿಕೆ ಇಲಿಗಳನ್ನು ಹೆಚ್ಚು ಚೆನ್ನಾಗಿ ಕಾಯುತ್ತದೆ. ಹಾಗಾದರೆ ಹುಬ್ಬಳ್ಳಿಯ ತೋಳುಗಳಿಗೆ ಹೋದದ್ದು ಹೊದಿಕೆ ತೊಡದ ದಂಡಾಣುವೇ? ಪೂರ್ತಿ ಹಾಗೆನ್ನಲಾಗದು, ಮುಂಬಯಿಯ ಕೋಣೆ ಲಂಡನ್ನಿನ ಕೋಣೆಯಲ್ಲ, ಅಲ್ಲಿಯ ಸೆಕೆಗೆ ಅರೆಹೊದಿಕೆಯಾದರೂ ಹುಟ್ಟಿದ್ದೀತು. ಆ ಲಸಿಕೆ ಬೇನೆಯನ್ನೂ ಸಾವನ್ನೂ ತಗ್ಗಿಸಿತು, ಪೂರಾ ತಡೆಯಲಿಲ್ಲ. 1898ರಲ್ಲಿ ನೇಮಕವಾದ ಪ್ಲೇಗು ಆಯೋಗ ಕೊಟ್ಟ ತೀರ್ಪೂ ಅದೇ.

ಹಾಫ್‌ಕಿನನ ಮುಂದಿನ ಕಥೆ ಕಹಿ. 1902ರ ಅಕ್ಟೋಬರ 30ರಂದು ಪಂಜಾಬದ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡವರ ಪೈಕಿ, ಒಂದೇ ಸೀಸೆಯ ಮದ್ದು ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಪ್ರಯೋಗಶಾಲೆಯಲ್ಲಿಯೇ ಮದ್ದು ಕೆಟ್ಟಿತ್ತೆಂದು ಹಾಫ್‌ಕಿನನ ಮೇಲೆ ಆರೋಪ ಬಂತು. ಅವನನ್ನು ಕೆಲಸದಿಂದ ದೂರವಿಟ್ಟರು. ಮಲೇರಿಯಾದ ರೊನಾಲ್ಡ್ ರಾಸ್ ಅವನ ಪರವಾಗಿ ನಿಂತ. ಅವನ ವಾದದಲ್ಲಿ ಒಂದು ಎಳೆ ನಮ್ಮ ವಿಷಯಕ್ಕೆ ಸೇರಿದ್ದು: ಧನುರ್ವಾಯುವಿನ ಜೀವಿ ಗಾಳಿಯಿಲ್ಲದ ಎಡೆಯಲ್ಲಿ ಬೆಳೆದು ನಂಜು ಬಿಡುತ್ತದೆ, ಬೆಳೆದ ಕಡೆ ದುರ್ವಾಸನೆ ಹುಟ್ಟಿಸುತ್ತದೆ; ಹಳ್ಳಿಯಲ್ಲಿ ಸೀಸೆ ತೆರೆದವನು ಮೂಸಿ ನೋಡಿದ್ದ, ವಾಸನೆ ಇರಲಿಲ್ಲ. ಸೀಸೆಯ ಬಿರಡೆ ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತೆಂಬುದೂ ವಿಚಾರಣೆಯಲ್ಲಿ ಬಂದ ಮಾತು. 1907ರಲ್ಲಿ ಸರಕಾರ ಅವನನ್ನು ದೋಷಮುಕ್ತನೆಂದಿತು. ಅಷ್ಟು ಹೊತ್ತಿಗೆ ಮನುಷ್ಯ ಒಳಗಿಂದ ಮುರಿದಿದ್ದ. 1925ರಲ್ಲಿ ಮುಂಬಯಿಯ ಪರಳಿನ ಪ್ರಯೋಗಶಾಲೆಗೆ ಅವನ ಹೆಸರಿಟ್ಟರು. ಸತ್ತ ಮೇಲೆ ಅಲ್ಲ, ಬದುಕಿದ್ದಾಗಲೇ ಇಟ್ಟರೆಂಬುದೊಂದು ಸಮಾಧಾನ.

ಈಗ ಮರಳಿ ಹಂಗಾಮಿನ ಪ್ರಶ್ನೆಗೆ. ಪ್ಲೇಗು ಮನುಷ್ಯನಿಗೆ ಬರುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು 1898ರಲ್ಲಿ ಕರಾಚಿಯಲ್ಲಿ ಕೆಲಸ ಮಾಡಿದ ಫ್ರೆಂಚ್ ವೈದ್ಯ ಸಿಮಾಂಡ್ ತೋರಿಸಿದ. ನಂಬಿದವರು ಕಡಮೆ. 1905ರ ಬಳಿಕ ಮುಂಬಯಿಯಲ್ಲಿ ಲಿಸ್ಟನ್ನನೂ ಎರಡನೆಯ ಪ್ಲೇಗು ಮಂಡಳಿಯವರೂ ಸಾವಿರಾರು ಇಲಿಗಳನ್ನು ಕೊಯ್ದು ನೋಡಿ ಅದನ್ನು ಖಚಿತಪಡಿಸಿದರು. ಅವರ ತಂಡ 1908ರಲ್ಲಿ ನಮ್ಮ ಬೆಳಗಾವಿಯನ್ನೂ ಆರಿಸಿಕೊಂಡು ಅಲ್ಲಿಯ ಇಲಿ, ಚಿಗಟ, ಹವೆ ಮೂರನ್ನೂ ಗಮನಿಸಿತು. ಊರಿನಿಂದ ಊರಿಗೆ ಹಂಗಾಮು ಬದಲಾಗುತ್ತಿತ್ತು: ನಮ್ಮ ಪ್ರಸ್ಥಭೂಮಿಯಲ್ಲಿ ಮಳೆಗಾಲ, ಚಳಿಗಾಲ, ಮುಂಬಯಿಯಲ್ಲಿ ಮಾಗಿಯ ಕೊನೆ, ಕೊರೆಯುವ ಚಳಿಯ ಪಂಜಾಬದಲ್ಲಿ ವಸಂತ. ಎಲ್ಲೆಡೆಯೂ ಒಂದು ಮಾತು ಮಾತ್ರ ಸಮಾನ. ಉರಿಬಿಸಿಲು ಬಂತೆಂದರೆ ಪ್ಲೇಗು ಇಳಿಯುತ್ತದೆ.

1914ರಲ್ಲಿ ಬೇಕಟ್ ಮತ್ತು ಮಾರ್ಟಿನ್ ಎಂಬಿಬ್ಬರು ಚಿಗಟದ ಹೊಟ್ಟೆಯೊಳಗೆ ಇಣುಕಿದರು. ಪ್ಲೇಗಿನ ಇಲಿಯ ರಕ್ತ ಕುಡಿದ ಚಿಗಟದಲ್ಲಿ ದಂಡಾಣುಗಳು ಒಂದಕ್ಕೊಂದು ಅಂಟಿ ಗೆಡ್ಡೆಯಾಗಿ ಜಠರದ ಬಾಗಿಲನ್ನೇ ಮುಚ್ಚಿಬಿಡುತ್ತವೆ. ಚಿಗಟ ಕುಡಿದದ್ದು ಒಳಗಿಳಿಯದು. ಹಸಿವೆ ತಡೆಯಲಾರದೆ ಅದು ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚಿದಾಗಲೆಲ್ಲ ಕುಡಿದ ರಕ್ತ ದಂಡಾಣುವಿನೊಡನೆ ಹಿಂದಕ್ಕೆ ಚಿಮ್ಮಿ ಕಚ್ಚಿಸಿಕೊಂಡವನ ಮೈಗೆ ಸೇರುತ್ತದೆ. ಅದರ ಹಸಿವೆಯೇ ನಮಗೆ ಸಾವು. 1971ರಲ್ಲಿ ಅಮೆರಿಕದ ಕ್ಯಾವನಾ ಎಂಬಾತ, ವಿಯೆಟ್ನಾಮಿನ ಪ್ಲೇಗನ್ನು ಕಂಡ ಅನುಭವದವನು, ಈ ಗೆಡ್ಡೆ ಸುಮಾರು 27 ಡಿಗ್ರಿಗಿಂತ ತಣ್ಣಗಿದ್ದಾಗ ಕಟ್ಟುತ್ತದೆ, ಅದಕ್ಕೆ ಮೇಲೇರಿದರೆ ಕಟ್ಟುವುದಿಲ್ಲ ಎಂದು ತೋರಿಸಿದ. ಮನುಷ್ಯನ ಮೈ ಹೊರಗೆ ಎಷ್ಟೇ ಚಳಿಯಿರಲಿ 37ರಲ್ಲಿಯೇ ನಿಲ್ಲುತ್ತದೆ. ಚಿಗಟಕ್ಕೆ ಸ್ವಂತ ಶಾಖವಿಲ್ಲ. ಮನೆಯ ನೆಲ ಎಷ್ಟು ತಂಪೋ ಅದೂ ಅಷ್ಟೇ ತಂಪು. ನಮ್ಮ ಕಡೆಯ ವೈಶಾಖದ ಬಿಸಿಲು 40 ಡಿಗ್ರಿ ದಾಟುವುದುಂಟು. ಆಗ ಚಿಗಟದ ಜಠರದ ಬಾಗಿಲು ಮುಚ್ಚುವುದಿಲ್ಲ. ಒಣಹವೆಗೆ ಚಿಗಟದ ಮರಿಗಳೂ ಸಾಯುತ್ತವೆ. ಕ್ಯಾವನಾ ಇದಕ್ಕೆ ಕೊಟ್ಟ ರಾಸಾಯನಿಕ ಕಾರಣ ಮುಂದೆ ನಿಲ್ಲಲಿಲ್ಲ. ಅವನ ಗಮನಿಕೆ ನಿಂತಿತು. ಗೆಡ್ಡೆ ಕಟ್ಟಲು ಬೇಕಾದ ಅಂಟಿನ ವಂಶವಾಹಿಗಳನ್ನು ಹಿನ್ನೆಬುಷ್ ಮತ್ತು ಅವನ ಸಂಗಡಿಗರು 1996ರಲ್ಲಿ ಗುರುತಿಸಿದರು. ತಂಪಿನಲ್ಲಿ ಅವು ಅಂಟು ಹೆಣೆಯುತ್ತವೆ, ಬಿಸಿಯಲ್ಲಿ ಹೆಣೆಯುವುದಿಲ್ಲ.

ನಮ್ಮ ಸೀಮೆಯ ಮನೆಗಳನ್ನು ಬಲ್ಲವರಿಗೆ ಇಲ್ಲಿ ಒಂದು ಚಿತ್ರ ಕಣ್ಣಿಗೆ ಕಟ್ಟಬೇಕು. ದಪ್ಪ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಬೆಳಕು ಬರುವುದಕ್ಕೆ ಒಂದು ಗವಾಕ್ಷಿ. ನೆಲದೊಳಗೆ ಜೋಳ ತುಂಬಿಡುವ ಹಗೇವು. ಬೇಸಗೆಯಲ್ಲಿಯೂ ಒಳಗೆ ತಂಪು ಎಂದು ನಾವು ಹೊಗಳುವ ಆ ಮನೆ, ಮಳೆಗಾಲ ಚಳಿಗಾಲದಲ್ಲಿ ಚಿಗಟಕ್ಕೆ ಹೇಳಿ ಮಾಡಿಸಿದ ತೊಟ್ಟಿಲು. ಕಾಳಿನ ದೂಳಿನಲ್ಲಿ ಅದರ ಮರಿ ಬೆಳೆಯುತ್ತದೆ, ಕಾಳಿಗೆ ಇಲಿ ಬರುತ್ತದೆ. ಇಲಿ ಸತ್ತು ಹೆಣ ತಣ್ಣಗಾದೊಡನೆ ಚಿಗಟ ಬೆಚ್ಚನೆಯ ಇನ್ನೊಂದು ಮೈಯನ್ನು ಅರಸಿ ಹೊರಡುತ್ತದೆ. 'ಇಲಿ ಬಿದ್ದವು' ಎಂದೊಡನೆ ಊರು ಬಿಟ್ಟ ನಮ್ಮ ಅಜ್ಜಂದಿರು ಚಿಗಟದ ಹೆಸರನ್ನೂ ಕೇಳಿರಲಿಲ್ಲ. ಆದರೆ ಅವರು ಮಾಡಿದ್ದು ಸರಿಯಾದ ಕೆಲಸ. ಬಯಲಿನ ಗುಡಿಸಲಿಗೆ ಹಗೇವು ಇಲ್ಲ, ಇಲಿಯ ಬಿಲವಿಲ್ಲ. ಮಳೆಯಲ್ಲಿ ನೆನೆದು ಮಕ್ಕಳು ನೆಗಡಿ ಜ್ವರದಿಂದ ನರಳಿದರೂ ಪ್ಲೇಗಿನಿಂದ ಉಳಿದರು.

ಎಲ್ಲರಿಗೂ ಇದು ಒಂದೇ ಸಮನಾಗಿ ಸಾಧ್ಯವಿರಲಿಲ್ಲವೆಂಬುದನ್ನೂ ಹೇಳಬೇಕು. ಒಕ್ಕಲಿಗನಿಗೆ ಹೊಲವಿದೆ, ಹೊಲದಲ್ಲಿ ಗುಡಿಸಲು ಹಾಕಿದರೆ ಕೆಲಸವೂ ಅಲ್ಲಿಯೇ. ರಬಕವಿ, ಬನಹಟ್ಟಿಗಳ ನೇಕಾರನ ಪಾಡು ಬೇರೆ. ಕುಣಿಮಗ್ಗ ಮನೆಯ ನೆಲದಲ್ಲಿ ಹೂತದ್ದು. ಕಾಲು ಇಳಿಬಿಡುವ ಕುಣಿಯನ್ನು ಬಂಡಿಗೇರಿಸಿ ಒಯ್ಯಲಾಗದು. ಊರು ಬಿಟ್ಟರೆ ಆ ದಿನದಿಂದ ಕೂಲಿಯಿಲ್ಲ, ಬಿಡದಿದ್ದರೆ ಆ ಕುಣಿಯ ತಂಪಿನಲ್ಲಿಯೇ ಚಿಗಟ. ಬರದ ವರ್ಷಗಳ ಹೊಡೆತವೂ ಕೂಡಿತ್ತು. 1896-97ರಲ್ಲಿ ಒಂದು ಬರ, 1899-1900ರಲ್ಲಿ ಇನ್ನೊಂದು. ಪ್ಲೇಗಿನ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಅಧಿಕಾರಿಗಳು, ಅವರ ಕಾಗದದಲ್ಲಿ ಮಗ್ಗದ ಕುಣಿ ಇಲ್ಲ.

ಕಥೆಯ ಅತ್ಯಂತ ಸ್ವಾರಸ್ಯದ ಭಾಗ ಇನ್ನು ಮುಂದಿದೆ. 1950ರ ದಶಕದಲ್ಲಿ ಪ್ಲೇಗಿನ ದಂಡಾಣುವಿನಿಂದ ಒಂದು ನಂಜನ್ನು ಶುದ್ಧವಾಗಿ ಬೇರ್ಪಡಿಸಿದರು. ಅತ್ಯಲ್ಪ ಪ್ರಮಾಣ ಚುಚ್ಚಿದರೂ ಇಲಿ, ಹೆಗ್ಗಣ ಸಾಯುತ್ತಿದ್ದವು. ಗಿನಿಹಂದಿಗೆ, ಮೊಲಕ್ಕೆ, ಕೋತಿಗೆ ಏನೂ ಆಗುತ್ತಿರಲಿಲ್ಲ. ಅದಕ್ಕೆ 'ಇಲಿನಂಜು' ಎಂದು ಹೆಸರಾಯಿತು. ಹೆಸರಿಟ್ಟ ಮೇಲೆ ತೊಡಕು ಶುರುವಾಯಿತು. ಇಲಿಯನ್ನು ಕೊಲ್ಲುವ ನಂಜಾದರೆ ಇಲಿಯ ಬಿಸಿಮೈಯಲ್ಲಿ ಹೆಚ್ಚು ಹುಟ್ಟಬೇಕಲ್ಲವೆ? ಅದು ಹೆಚ್ಚು ಹುಟ್ಟುತ್ತಿದ್ದುದು 26 ಡಿಗ್ರಿಯಲ್ಲಿ, 37ರಲ್ಲಿ ಕಡಮೆ. ಬೇಕಾದಲ್ಲಿ ಮೌನ, ಬೇಡದಲ್ಲಿ ಮಾತು! 2002ರಲ್ಲಿ ಅದೇ ಹಿನ್ನೆಬುಷ್ ಮತ್ತು ಸಂಗಡಿಗರು ಅಮೆರಿಕದ ಮಾಂಟಾನಾದ ಪ್ರಯೋಗಶಾಲೆಯಲ್ಲಿ ಆ ನಂಜಿನ ವಂಶವಾಹಿಯನ್ನು ಕೆಡಿಸಿದ ದಂಡಾಣುವನ್ನು ಪರೀಕ್ಷಿಸಿದರು. ಇಲಿಗೆ ಪ್ಲೇಗು ತರಲು ಅದಕ್ಕೆ ಏನೂ ಕೊರತೆಯಾಗಲಿಲ್ಲ. ಚಿಗಟದ ಹೊಟ್ಟೆಯಲ್ಲಿ ಮಾತ್ರ ಅದು ಉಬ್ಬಿ ದುಂಡಗಾಗಿ ಸತ್ತುಹೋಯಿತು. ಅಂದರೆ ನಾವು ನಂಜೆಂದು ಕರೆದದ್ದು ನಮ್ಮ ಕಡೆಗೆ ಎತ್ತಿದ ಕತ್ತಿಯೇ ಅಲ್ಲ. ಚಿಗಟದ ಹೊಟ್ಟೆಯಲ್ಲಿ ರಕ್ತ ಜೀರ್ಣವಾಗುವಾಗ ಹುಟ್ಟುವ ಯಾವುದೋ ಮಾರಕ ವಸ್ತುವಿನಿಂದ ದಂಡಾಣುವನ್ನು ಕಾಯುವ ಗುರಾಣಿ. ಇಲಿ ಸಾಯುವುದು ಅಕಸ್ಮಾತ್ತು. ಚಿಗಟ ಯಾವ ಪ್ರಾಣಿಯ ರಕ್ತ ಕುಡಿದಿದೆಯೆಂಬುದರ ಮೇಲೆ ಆ ಗುರಾಣಿ ಎಷ್ಟು ಅಗತ್ಯವೆಂಬುದೂ ಬದಲಾಗುತ್ತದೆಂದು 2021ರಲ್ಲಿ ತಿಳಿದುಬಂತು. ಹೆಸರಿಡುವ ಅವಸರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ವ್ಯಾಕರಣ ಗ್ರಂಥಗಳಲ್ಲಿಯೂ ಸಿಗದು.

ಬಿಸಿಯಲ್ಲಿ ಏನಾಗುತ್ತದೆ? ಚಿಗಟ ಕಚ್ಚಿದೊಡನೆ ದಂಡಾಣು ನೆಲದ ತಂಪಿನಿಂದ ನೇರವಾಗಿ 37 ಡಿಗ್ರಿಗೆ ಬೀಳುತ್ತದೆ. ಆ ಬಿಸಿಯೇ ಅದಕ್ಕೆ 'ನೀನೀಗ ಮೈಯೊಳಗಿದ್ದೀಯೆ' ಎಂಬ ಸುದ್ದಿ. ಈ ಸುದ್ದಿ ಮುಟ್ಟುವ ಬಗೆಯನ್ನು 1993ರಲ್ಲಿ ಹೋ ಮತ್ತು ಗೊಗುಯೆನ್ ವಿವರಿಸಿದರು. ದಾಳಿಯ ಸಲಕರಣೆಗಳನ್ನೆಲ್ಲ ಎಬ್ಬಿಸುವ ಒಂದು ಯಜಮಾನ ವಂಶವಾಹಿ ಉಂಟು. ಅದರ ಓಲೆ ತಂಪಿನಲ್ಲಿಯೂ ಬರೆಯಲ್ಪಡುತ್ತದೆ. ಆದರೆ ಓಲೆ ತನ್ನ ಮೇಲೆಯೇ ಮಡಚಿಕೊಂಡು ಕುಳಿತಿರುತ್ತದೆ, ಓದುವವನಿಗೆ ಮೊದಲಕ್ಷರ ಕಾಣುವುದಿಲ್ಲ. ಬಿಸಿಗೆ ಮಡಿಕೆ ಸಡಿಲುತ್ತದೆ, ಓಲೆ ಬಿಚ್ಚುತ್ತದೆ, ಓದು ನಡೆಯುತ್ತದೆ. ಇದಕ್ಕೆ ಕ್ಯಾಲ್ಸಿಯಮ್ಮಿನ ಲೆಕ್ಕವೂ ಕೂಡುತ್ತದೆ. 37 ಡಿಗ್ರಿಯಲ್ಲಿ ಸಾರಿನಿಂದ ಕ್ಯಾಲ್ಸಿಯಮ್ಮನ್ನು ತೆಗೆದುಬಿಟ್ಟರೆ ಮಾರಕ ದಂಡಾಣು ಬೆಳೆಯುವುದನ್ನೇ ನಿಲ್ಲಿಸುತ್ತದೆಂದು 1950ರ ದಶಕದಲ್ಲಿಯೇ ಕಂಡಿದ್ದರು. ಬೆಳೆಯುವುದನ್ನು ಬಿಟ್ಟು ಅದು ತನ್ನ ಶಕ್ತಿಯನ್ನೆಲ್ಲ ದಾಳಿಯ ಪ್ರೋಟೀನುಗಳನ್ನು ಸುರಿಸಲು ಬಳಸುತ್ತದೆ. ಮೈಯೊಳಗೆ ಅವು ಸೂಜಿಯಂಥ ಕೊಳವೆಯ ಮೂಲಕ ನಮ್ಮ ರಕ್ಷಕ ಕೋಶಗಳೊಳಗೇ ನೇರವಾಗಿ ಇಳಿದು ಅವುಗಳ ಕೈಕಾಲು ಕಟ್ಟುತ್ತವೆ. ಪ್ರಯೋಗಶಾಲೆಯಲ್ಲಿ ಇಂಥ ದಂಡಾಣುವನ್ನು ಬಿಸಿಯಲ್ಲಿ ಬಹುಕಾಲ ಬೆಳೆಸಿದರೆ, ಈ ಸಲಕರಣೆಯ ಹೊರೆಯನ್ನೇ ಕಳೆದುಕೊಂಡ ಸಾಧುಗಳು ಮುಂದೆ ಬಂದು ಉಳಿದವನ್ನು ಹಿಂದಿಕ್ಕುತ್ತವೆ.

ಹೊದಿಕೆ ಹುಟ್ಟಲೂ ಹೊತ್ತು ಬೇಕು. 1959ರಲ್ಲಿ ಕ್ಯಾವನಾ ಮತ್ತು ರ‍್ಯಾಂಡಲ್ ತೋರಿಸಿದ್ದು ಇದನ್ನೇ: ಚಿಗಟದಿಂದ ಬಂದ ಹೊಸಬ ದಂಡಾಣುವಿಗೆ ಹೊದಿಕೆಯಿಲ್ಲ, ಆದುದರಿಂದ ರಕ್ತದ ಕೆಲವು ಬಿಳಿಕೋಶಗಳು ಅದನ್ನು ನುಂಗಿ ಕೊಲ್ಲುತ್ತವೆ. ಆದರೆ ಇನ್ನೊಂದು ಬಗೆಯ ದೊಡ್ಡ ಕೋಶಗಳೊಳಗೆ ಅದು ಸಾಯದೆ ಬೆಳೆದು, ಹೊದಿಕೆ ತೊಟ್ಟು ಹೊರಬರುತ್ತದೆ. ಆಮೇಲೆ ಯಾರಿಗೂ ಅಂಜುವುದಿಲ್ಲ. ಆ ಮೊದಲ ಕೆಲವು ಗಂಟೆಗಳಲ್ಲಿ ನಮ್ಮ ಮೈಗೆ ಗೆಲ್ಲುವ ಅವಕಾಶವಿರುತ್ತದೆ. ಬೆರಗಿನ ಸಂಗತಿಯೆಂದರೆ ತಂಪಿನಲ್ಲಿ ಮಾತಾಡುವ 'ಇಲಿನಂಜಿನ' ವಂಶವಾಹಿಯೂ ಬಿಸಿಯಲ್ಲಿ ಮಾತಾಡುವ ಹೊದಿಕೆಯ ವಂಶವಾಹಿಯೂ ಇರುವುದು ಪ್ಲಾಸ್ಮಿಡ್ ಎಂಬ ಒಂದೇ ಉಂಗುರದ ಮೇಲೆ. ಒಂದೇ ಓಲೆಗರಿಯ ಈ ಮಗ್ಗುಲು ಚಳಿಗಾಲಕ್ಕೆ, ಆ ಮಗ್ಗುಲು ಬೇಸಗೆಗೆ.

ಮುಧೋಳದ ಸೀಮೆಯವನಾದ ಕವಿಚಕ್ರವರ್ತಿ ರನ್ನನ ನೆನಪು ಇಲ್ಲಿ ನನಗೆ ತಡೆಯದೆ ಬರುತ್ತದೆ. ಅವನ ದುರ್ಯೋಧನ ವೈಶಂಪಾಯನ ಸರೋವರದ ತಣ್ಣೀರಿನಲ್ಲಿ ಅಡಗಿದ್ದೂ ಭೀಮನ ಕೂಗಿಗೆ ಬೆವರಿದವನು. ಇರುವ ಎಡೆ ಎಷ್ಟು ತಂಪಾದರೇನು, ಒಳಗಿನ ಉರಿ ತನ್ನದೇ. ಪ್ಲೇಗಿನ ಜೀವಿ ಅದಕ್ಕೆ ತೀರ ವಿರುದ್ಧ. ಅದಕ್ಕೆ ಒಳಗಿನ ಉರಿ ಎಂಬುದಿಲ್ಲ. ತಂಪಿನಲ್ಲಿ ಚಿಗಟದ ಒಕ್ಕಲು, ಬಿಸಿಯಲ್ಲಿ ಕೊಲೆಗಾರ.

ಇದು ಪ್ಲೇಗಿಗೆ ಮಾತ್ರ ಸೇರಿದ ಗುಣವಲ್ಲ. ಕಾಲರಾದ ನಂಜನ್ನು 1959ರಲ್ಲಿ ಕಲಕತ್ತೆಯ ಶಂಭುನಾಥ ಡೇ ಕಂಡುಹಿಡಿದರು. ಬದುಕಿದ್ದಾಗ ನಾವು ಅವರನ್ನು ಸಾಕಷ್ಟು ಕೊಂಡಾಡಲಿಲ್ಲ. ಹಳೆಯ ತಳಿಯ ಕಾಲರಾ ಜೀವಿಯನ್ನು ಸೀಸೆಯಲ್ಲಿ ಬೆಳೆಸಿದರೆ ಅದು ನಂಜನ್ನು ಹೆಚ್ಚು ಸುರಿಸುವುದು 30 ಡಿಗ್ರಿಯಲ್ಲಿ, ಸ್ವಲ್ಪ ಹುಳಿಯಾದ ಸಾರಿನಲ್ಲಿ. 37ರಲ್ಲಿ ಅದು ಸುಮ್ಮನಾಗುತ್ತದೆ. ಆದರೆ ಅದು ಕೊಲ್ಲುವುದು 37ರ ಕರುಳಿನಲ್ಲಿ! ಕರುಳಿನಲ್ಲಿ ಶಾಖವೊಂದೇ ಇಲ್ಲ, ಕ್ಷಾರವೂ ಪಿತ್ತವೂ ಇನ್ನೂ ಹತ್ತು ಸನ್ನೆಗಳೂ ಉಂಟು. ಸೀಸೆ ಕರುಳಲ್ಲ ಎಂಬ ಸರಳ ಮಾತನ್ನು ಪ್ರಯೋಗಶಾಲೆ ಮತ್ತೆ ಮತ್ತೆ ಕಲಿಯಬೇಕಾಗುತ್ತದೆ.

ಕನ್ನಡ ಸಾಹಿತ್ಯ ಪ್ಲೇಗನ್ನು ಮರೆತಿಲ್ಲ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂತು. ಅಲ್ಲಿ ಸತ್ತ ಇಲಿಗಳೂ ಮಾಡಿನ ಮೇಲೆ ಕುಳಿತ ಹದ್ದುಗಳೂ ಅಗ್ರಹಾರದವರಿಗೆ ಅಪಶಕುನವಾಗಿ ಕಾಣುತ್ತವೆ, ಬೇನೆಯಾಗಿ ಕಾಣುವುದಿಲ್ಲ. 1970ರ 'ಗೃಹಭಂಗ'ದಲ್ಲಿ ಭೈರಪ್ಪನವರು ನಂಜಮ್ಮನ ಮನೆಯನ್ನು ಪ್ಲೇಗು ಬರಿದು ಮಾಡುವುದನ್ನು ಬರೆದ ಪುಟಗಳನ್ನು ಒಮ್ಮೆ ಓದಿದವರು ಮರೆಯಲಾರರು. ಎರಡೂ ಹಳೆಯ ಮೈಸೂರಿನ, ಮಲೆನಾಡಿನ ಕಥೆಗಳು. ಜಮಖಂಡಿ, ಬೀಳಗಿಗಳ ಕಡೆಯ ಪ್ಲೇಗು ಒಂದು ಕಾದಂಬರಿಗೆ ಇನ್ನೂ ಕಾದಿದೆ. ಕುಣಿಮಗ್ಗದ ಕುಣಿಯಿಂದ ಅದು ಶುರುವಾಗಬಹುದೆಂದು ನನಗೆ ಅನ್ನಿಸುತ್ತದೆ. ಆ ಕಾಲದ ಮಾಳಿಗೆ ಮನೆಗಳು ಈಗ ಬಹುಮಟ್ಟಿಗೆ ಬಿದ್ದಿವೆ. ಬೀಳಗಿಯ ಕಡೆ ಎಷ್ಟೋ ಹಳೆಯ ಊರುಗಳ ನೆಲ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಹಗೇವು ತೆಗೆಯುವುದನ್ನು ಬಲ್ಲ ಕೈಗಳು ವಿರಳವಾಗಿವೆ.

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಪ್ಲೇಗಿಗೆ ಮದ್ದಿಲ್ಲ ಎಂಬ ಮಾತು ಹೋಯಿತು. ಅದಕ್ಕೆ ಮುನ್ನ ಈ ದೇಶದಲ್ಲಿ ಒಂದು ಕೋಟಿಗೂ ಮೀರಿದ ಜನ ಅದಕ್ಕೆ ಬಲಿಯಾಗಿದ್ದರು. ಕರ್ನಾಟಕದಲ್ಲಿ ಮನುಷ್ಯನಿಗೆ ಬಂದ ಕೊನೆಯ ಖಚಿತ ಪ್ರಕರಣ 1966ರಲ್ಲಿ ಕೋಲಾರದ ಮುಳಬಾಗಿಲಿನದು. 1994ರಲ್ಲಿ ಬೀಡ್ ಮತ್ತು ಸೂರತ್‌ಗಳಲ್ಲಿ ಅದು ಮತ್ತೆ ಕಾಣಿಸಿಕೊಂಡಾಗ ಜನ ರೈಲು ತುಂಬಿ ಸೂರತ್ ಬಿಟ್ಟರು. ಮುಳಬಾಗಿಲಿನ ಸುತ್ತ, ಮೂರು ರಾಜ್ಯಗಳು ಕೂಡುವ ಆ ಮೂಲೆಯಲ್ಲಿ, ಕಾಡಿಲಿಗಳ ಬಿಲಗಳನ್ನು ಪ್ಲೇಗಿನ ಹಳೆಯ ನೆಲೆಯೆಂದು ಆರೋಗ್ಯ ಇಲಾಖೆಯವರು ಗುರುತಿಸಿದ್ದಾರೆ. ಅಲ್ಲಿಯ ಇಲಿಗಳನ್ನು ಹಿಡಿದು, ಮೈ ಬಾಚಿ, ಉದುರಿದ ಚಿಗಟಗಳನ್ನು ಎಣಿಸಿ ಪರೀಕ್ಷಿಸುವ ಕೆಲಸ ಅಂದಿನಿಂದ ನಡೆದುಬಂದಿದೆ.